ಫರ್ಗಿಯ ಕಸುವು ಇರೋದು ಹಿಂದಿನ ಗಾಲಿಯಲ್ಲಿ

ನನ್ನ ಹತ್ತಿರ ಇರುವುದು ಫರ್ಗುಸನ್ ಟಿಇಡಿ-20 ಟ್ರ್ಯಾಕ್ಟರ್. ಕಾವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ತಯಾರಾದ, 1950ರ ದಶಕದ ಆರಂಭದ ಗಾಡಿ. ಹ್ಯಾರಿ ಫರ್ಗುಸನ್ ವಿನ್ಯಾಸ ಮಾಡಿದ ಟಿಇ-20 ಮಾಲಿಕೆಯ ಟ್ರ್ಯಾಕ್ಟರುಗಳು 1946ರಿಂದ 1956ರವರೆಗೆ ಅಲ್ಲಿಂದ ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ಎಲ್ಲವೂ ಒಂದೇ ಬೂದು ಬಣ್ಣ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇವತ್ತಿಗೂ ಇದನ್ನು ‘ಲಿಟಲ್ ಗ್ರೇ ಫರ್ಗಿ’ ಅಂತಲೇ ಕರೆಯುತ್ತಾರೆ. ನಾನಿರುವುದು ದಕ್ಷಿಣ ವಾರ್ವಿಕ್‌ಶೈರ್‌ನಲ್ಲಿ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಶನಿವಾರ ಬಂತೆಂದರೆ ಪಕ್ಕದ ರೈತರೊಬ್ಬರು ಬಿಟ್ಟುಕೊಟ್ಟ ತುಂಡು ಹೊಲದಲ್ಲಿ ಉಳುಮೆ.

ಊರಿಂದ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಎಚ್‌ಪಿ? ಇಪ್ಪತ್ತೈದರ ಆಸುಪಾಸು ಅಂದರೆ ನಗುತ್ತಾರೆ. ಹಾವೇರಿ ಕಡೆ ಈಗ 45, 50 ಎಚ್‌ಪಿ ಇಲ್ಲದೆ ಮಾತೇ ಇಲ್ಲ, ಅಲ್ವಾ? ನಮ್ಮ ಕಾಕಾ ವಿಡಿಯೋದಲ್ಲಿ ನೋಡಿ, "ಇದು ಕೈತೋಟಕ್ಕ ಸೈ. ಎರಿ ಹೊಲಕ್ಕ ಆಗಂಗಿಲ್ಲ ಬಿಡಪಾ" ಅಂದುಬಿಟ್ಟರು. ಅವರ ಅನುಮಾನ ತಪ್ಪೇನಲ್ಲ. ಆದರೆ ಎಚ್‌ಪಿಯ ಕಡೆಯಿಂದ ಲೆಕ್ಕ ಶುರು ಮಾಡಿದರೆ ಈ ಗಾಡಿ ಅರ್ಥವಾಗುವುದಿಲ್ಲ.

ಹೀಗೆ ನೋಡೋಣ. ನನ್ನದು ಎರಡು ಸಾಲಿನ ಫರ್ಗುಸನ್ ನೇಗಿಲು. ಒಂದೊಂದು ಸಾಲು 10 ಇಂಚು ಅಗಲ. 6 ಇಂಚು ಆಳ ಉಳುತ್ತೇನೆ. ಅಂದರೆ ಒಮ್ಮೆಗೆ 120 ಚದರ ಇಂಚು, ಸುಮಾರು 775 ಚದರ ಸೆಂಟಿಮೀಟರ್ ಮಣ್ಣನ್ನು ಸೀಳಿ ಮಗುಚಬೇಕು. ಹದವಾದ ಮಧ್ಯಮ ಮಣ್ಣಿಗೆ ಚದರ ಸೆಂಟಿಮೀಟರಿಗೆ ಅರ್ಧ ಕೆಜಿ ಎಳೆತ ಅಂತ ಸ್ಥೂಲವಾಗಿ ಹಿಡಿದರೆ 390 ಕೆಜಿ ಆಯಿತು. ಗಂಟೆಗೆ 4 ಕಿ.ಮೀ. ವೇಗದಲ್ಲಿ ಇದಕ್ಕೆ ಬೇಕಾದದ್ದು 6 ಎಚ್‌ಪಿಗಿಂತ ಕಡಿಮೆ. ಜಿಗುಟು ಮಣ್ಣಿನಲ್ಲಿ ಎಳೆತ 700 ಕೆಜಿಗೆ ಏರಿದರೂ 10 ಎಚ್‌ಪಿಗಿಂತ ತುಸು ಹೆಚ್ಚು ಸಾಕು. ಗೇರು, ಟೈರುಗಳಲ್ಲಿ ಸೋರಿಹೋಗುವುದನ್ನು ಕಳೆದರೂ ಎಂಜಿನ್‌ಗೆ ಉಸಿರು ಉಳಿದಿರುತ್ತದೆ.

ಕಷ್ಟ ಇರುವುದು ಹಿಡಿತದಲ್ಲಿ. ಈ ಗಾಡಿಯ ತೂಕ ಸುಮಾರು 1,100 ಕೆಜಿ. ಹಿಂದಿನ ಗಾಲಿಗಳ ಮೇಲೆ ಬೀಳುವುದು ಅದರಲ್ಲಿ ಒಂದು ಪಾಲು ಮಾತ್ರ. ಗಟ್ಟಿ ನೆಲದಲ್ಲಿ ಟೈರು ತನ್ನ ಮೇಲಿರುವ ಭಾರದ ಅರ್ಧದಷ್ಟು ಎಳೆದರೆ ಪುಣ್ಯ. ಹಾಗೆ ನೋಡಿದರೆ ಮಧ್ಯಮ ಮಣ್ಣಿನಲ್ಲೇ ಗಾಲಿ ಸುಮ್ನೆ ತಿರುಗಬೇಕಿತ್ತು. ತಿರುಗುವುದಿಲ್ಲ. ಕಾರಣ, ಲಿಫ್ಟು. ಅಂದರೆ ಆಯಿಲ್ ಪಂಪಿನ ಒತ್ತಡದಿಂದ ನೇಗಿಲನ್ನು ಎತ್ತಿ ಇಳಿಸುವ ವ್ಯವಸ್ಥೆ.

ಫರ್ಗುಸನ್ ಮಾಡಿದ ಚಮತ್ಕಾರ ಇದೇ. ನೇಗಿಲು ಮೂರು ಕಡೆ ಗಾಡಿಗೆ ಸಿಕ್ಕಿಸಿಕೊಂಡಿದೆ. ಕೆಳಗಿನ ಎರಡು ಲಿಂಕ್ ಅದನ್ನು ಎಳೆಯುತ್ತವೆ. ಮಣ್ಣು ಹಿಂದಕ್ಕೆ ಜಗ್ಗಿದಾಗ ನೇಗಿಲಿನ ತಲೆ ಮುಂದಕ್ಕೆ ವಾಲುತ್ತದೆ. ಆಗ ಮೇಲಿನ ಮೂರನೇ ಕೊಂಡಿ, ಅಂದರೆ ಟಾಪ್ ಲಿಂಕ್, ಗಾಡಿಯ ಬೆನ್ನಿಗೆ ಒತ್ತುತ್ತದೆ. ಅಲ್ಲೊಂದು ದಪ್ಪ ಸ್ಪ್ರಿಂಗ್ ಇದೆ. ಒತ್ತಡ ಜಾಸ್ತಿಯಾದರೆ ಸ್ಪ್ರಿಂಗ್ ಕುಗ್ಗಿ ಒಳಗಿನ ವಾಲ್ವನ್ನು ಸರಿಸುತ್ತದೆ. ಪಂಪು ನೇಗಿಲನ್ನು ಒಂದಿಷ್ಟು ಮೇಲೆತ್ತಿ ಹಿಡಿಯುತ್ತದೆ. ಪೂರ್ತಿ ಎತ್ತುವುದಿಲ್ಲ, ಹಿಡಿಯುತ್ತದೆ ಅಷ್ಟೇ. ಆ ಹೊತ್ತಿಗೆ ನೇಗಿಲಿನ ಭಾರ, ಅದರ ಮೇಲೆ ಕೂತ ಮಣ್ಣಿನ ಭಾರ, ಮುಂಗಾಲಿಯ ಒಂದಿಷ್ಟು ಭಾರ ಎಲ್ಲ ಹಿಂದಿನ ಗಾಲಿಗೆ ಬರುತ್ತದೆ. ಜಗ್ಗುವ ಮಣ್ಣೇ ಗಾಲಿಯನ್ನು ನೆಲಕ್ಕೆ ಒತ್ತುತ್ತದೆ. ಸೀಟಿನ ಮೇಲೆ ಕೂತು ಹಿಂದೆ ತಿರುಗಿ ಆ ಸ್ಪ್ರಿಂಗ್ ನೋಡುತ್ತಿದ್ದರೆ ಉಸಿರಾಡಿದಂತೆ ಒಳಕ್ಕೆ ಹೊರಕ್ಕೆ ಆಡುತ್ತಿರುತ್ತದೆ. ಅದು ಆಡುತ್ತಿಲ್ಲವೆಂದರೆ ಏನೋ ಕೆಟ್ಟಿದೆ ಅಂತ ತಿಳಿಯಬೇಕು.

ಈಗ ಊರಿನಲ್ಲಿ ಮಾರುವ ಟ್ರ್ಯಾಕ್ಟರಿನ ಕರಪತ್ರದಲ್ಲಿ ‘ಎಡಿಡಿಸಿ’ (ಆಳ, ಎಳೆತಗಳನ್ನು ತಾನಾಗಿ ಹಿಡಿತದಲ್ಲಿಡುವ ವ್ಯವಸ್ಥೆ) ಅಂತ ಅಚ್ಚಾಗಿರುತ್ತದಲ್ಲ, ಅದರ ಮೂಲ ಇದೇ. ಕಾಕಾನ ಮ್ಯಾಸಿ ಫರ್ಗುಸನ್ 1035 ಕೂಡ ಇದೇ ವಂಶ. ಅದರಲ್ಲಿ ಪೊಸಿಷನ್‌ಗೊಂದು (ನೇಗಿಲನ್ನು ಒಂದೇ ಎತ್ತರದಲ್ಲಿ ಹಿಡಿಯಲು), ಡ್ರಾಫ್ಟ್‌ಗೊಂದು (ಎಳೆತ ನೋಡಿ ಎತ್ತಿಳಿಸಲು) ಲಿವರ್ ಇವೆ. ಡ್ರಾಫ್ಟ್ ಲಿವರನ್ನು ಮುಟ್ಟದೆಯೇ ಜೀವನ ಕಳೆದವರು ನಮ್ಮ ಕಡೆ ಬೇಕಾದಷ್ಟು ಜನ. ಫರ್ಗಿಯಲ್ಲಿ ಆ ಆಯ್ಕೆಯೇ ಇಲ್ಲ. ಇರುವುದು ಒಂದೇ ಲಿವರ್, ಅದು ಡ್ರಾಫ್ಟಿನದು. ಇದಕ್ಕೊಂದು ಕೆಟ್ಟ ಗುಣವೂ ಇದೆ. ನನ್ನ ಹೊಲದ ಮೇಲಿನ ಮೂಲೆಯಲ್ಲಿ ಮಣ್ಣು ಸಡಿಲ, ಕೆಳಗೆ ಜಿಗುಟು. ಸಡಿಲ ಮಣ್ಣಿಗೆ ಬಂದ ಕೂಡಲೇ ಜಗ್ಗುವುದು ಕಡಿಮೆಯಾಗಿ ನೇಗಿಲು ತಾನಾಗಿ ಆಳಕ್ಕೆ ಇಳಿಯುತ್ತದೆ. ಜಿಗುಟಿಗೆ ಬಂದರೆ ಮೇಲೇಳುತ್ತದೆ. ಲಿವರಿನ ಮೇಲೆ ಕೈ ಇಟ್ಟುಕೊಂಡೇ ಉಳಬೇಕು. ಉಳುಮೆ ಸ್ಪರ್ಧೆಗೆ ಹೋಗುವವರು ನೇಗಿಲಿಗೆ ಆಳ ಕಾಯುವ ಸಣ್ಣ ಗಾಲಿ ಹಾಕಿಕೊಳ್ಳುತ್ತಾರೆ. ನಾನೂ ಹಾಕಿಕೊಂಡಿದ್ದೇನೆ.

ಹೊಸಬರಿಗೆ ಗೊಂದಲ ಮಾಡುವುದು ಪಂಪು. ಅದು ತಿರುಗುವುದು ಪಿಟಿಒ ಶಾಫ್ಟಿನಿಂದ, ಅಂದರೆ ಎಂಜಿನ್ನಿನ ಕಸುವನ್ನು ಹಿಂದೆ ಸಿಕ್ಕಿಸಿದ ಯಂತ್ರಗಳಿಗೆ ಕೊಡುವ ಶಾಫ್ಟಿನಿಂದ. ಪಿಟಿಒ ಲಿವರ್ ಹಾಕದಿದ್ದರೆ ಲಿಫ್ಟೇ ಇಲ್ಲ. ಕ್ಲಚ್ ಒತ್ತಿದರೆ ಲಿಫ್ಟೂ ನಿಲ್ಲುತ್ತದೆ. ಹೊಲದ ತುದಿಗೆ ಬಂದು ಮೊದಲು ಕ್ಲಚ್ ಒತ್ತಿ, ಆಮೇಲೆ ನೇಗಿಲು ಎತ್ತೋಣ ಅಂದರೆ ಅದು ಏಳುವುದಿಲ್ಲ. ಓಡುತ್ತಿರುವಾಗಲೇ ಎತ್ತಬೇಕು. ಊರಿನ ಈಗಿನ ಗಾಡಿಗಳಲ್ಲಿ ಪಳಗಿದ ಕಾಲು ಇದಕ್ಕೆ ಒಗ್ಗಲು ಸ್ವಲ್ಪ ಸಮಯ ಹಿಡಿಯುತ್ತದೆ.

ನೇಗಿಲು ಸರಿ ಕೂರಿಸದಿದ್ದರೆ ಈ ಚಮತ್ಕಾರವೆಲ್ಲ ದಂಡ. ಬಲಗಡೆಯ ಗಾಲಿಗಳು ಹಿಂದಿನ ಸಾಲಿನ ತಳದಲ್ಲಿ ಓಡುವುದರಿಂದ ಗಾಡಿ ಬಲಕ್ಕೆ ವಾಲಿರುತ್ತದೆ. ನೇಗಿಲು ಮಾತ್ರ ನೆಲಕ್ಕೆ ಸಮವಾಗಿರಬೇಕು. ಅದಕ್ಕೆ ಬಲಗಡೆ ಲಿಫ್ಟ್ ರಾಡಿನಲ್ಲಿ ತಿರುಗಿಸುವ ಹಿಡಿಕೆ ಇದೆ. ಸೀಟಿನಿಂದಲೇ ಕೈಗೆ ಸಿಗುತ್ತದೆ. ಟಾಪ್ ಲಿಂಕ್ ಗಿಡ್ಡ ಮಾಡಿದರೆ ಕುಳದ ಮೂತಿ ನೆಲಕ್ಕೆ ಚುಚ್ಚುತ್ತದೆ, ಉದ್ದ ಮಾಡಿದರೆ ಬಾಲ ಊರುತ್ತದೆ. ಎರಡನೇ ಸಾಲಿನ ಮಣ್ಣು ಒಂದನೆಯದಕ್ಕಿಂತ ಎತ್ತರವಾಗಿ ಬಿದ್ದರೆ ಹಿಡಿಕೆ ತಿರುಗಿಸಬೇಕು. ಎರಡೂ ಒಟ್ಟಿಗೆ ಆಳ ತಪ್ಪಿದರೆ ಟಾಪ್ ಲಿಂಕ್ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ, ಇಪ್ಪತ್ತು ಮಾರು ಉತ್ತು, ಇಳಿದು ನೋಡುತ್ತೇನೆ. ಮಣ್ಣು ಸೀಳುವ ತಟ್ಟೆ ಕುಳಕ್ಕಿಂತ ತುಸು ಉಳದ ನೆಲದ ಕಡೆಗೆ ಇರಬೇಕು. ಇಲ್ಲದಿದ್ದರೆ ಸಾಲಿನ ಗೋಡೆ ಹರಿದು ಹೆಂಟೆ ಒಳಗೆ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯ, ಮಣ್ಣು ಮಗುಚುವ ಹಲಗೆಯ ಹೊಳಪು. ಅದಕ್ಕೆ ತುಕ್ಕು ಹಿಡಿದರೆ ಜಿಗುಟು ಮಣ್ಣು ಜಾರುವುದಿಲ್ಲ, ಅಂಟಿಕೊಳ್ಳುತ್ತದೆ. ಆಮೇಲೆ ಮಣ್ಣು ಮಣ್ಣಿನ ಮೇಲೆ ಉಜ್ಜಬೇಕು. ಎಂಜಿನ್ ಗೊಣಗುತ್ತದೆ, ಗಾಲಿ ಜಾರುತ್ತದೆ, ಜನ ಗಾಡಿಗೆ ಬೈಯುತ್ತಾರೆ. ಇಲ್ಲಿಯ ಮಳೆಗೆ ಒಂದು ರಾತ್ರಿ ಬಿಟ್ಟರೂ ಕೆಂಪಾಗುತ್ತದೆ. ಉಳುಮೆ ಮುಗಿದ ಕೂಡಲೇ ಮಣ್ಣು ಕೆರೆದು, ಒರೆಸಿ, ಗ್ರೀಸ್ ಬಳಿದೇ ಶೆಡ್ಡಿಗೆ ಹಾಕುತ್ತೇನೆ. ಎಂಜಿನ್‌ಗೆ ಹೊಸ ಪ್ಲಗ್ ಹಾಕಿ ಸಿಗುವ ಕಸುವಿಗಿಂತ ಇದರಿಂದ ಸಿಗುವುದು ಜಾಸ್ತಿ.

ಹದದ ವಿಷಯ ರೈತರಿಗೆ ನಾನು ಹೇಳಬೇಕಾಗಿಲ್ಲ. ದಕ್ಷಿಣ ವಾರ್ವಿಕ್‌ಶೈರ್‌ನ ‘ಲಯಸ್’ ಎಂಬ ಜೇಡಿಮಣ್ಣು ನಮ್ಮ ಎರೆಮಣ್ಣಿನ ದೂರದ ನೆಂಟ. ಒಣಗಿದರೆ ಬಿರುಕು, ನೆನೆದರೆ ಅಂಟು. ಹದ ಸಿಗುವುದು ಸುಗ್ಗಿ ಮುಗಿದ ಮೇಲೆ, ಶರತ್ಕಾಲದಲ್ಲಿ ಕೆಲವೇ ದಿನ. ಅದು ತಪ್ಪಿದರೆ ನಾನು ಒಂದು ಕುಳ ಬಿಚ್ಚಿ ಒಂದೇ ಸಾಲು ಉಳುತ್ತೇನೆ. ಇದರಲ್ಲಿ ನಾಚಿಕೆ ಏನಿಲ್ಲ.

ಇನ್ನು ಗಾಡಿಯ ಆರೈಕೆ. ಗೇರ್ ಬಾಕ್ಸ್, ಲಿಫ್ಟ್, ಹಿಂದಿನ ಆಕ್ಸಲ್ ಮೂರಕ್ಕೂ ಒಂದೇ ಆಯಿಲ್. ಅಂದರೆ ಗೇರಿನ ಚೂರು, ಒಳಗೆ ಕೂತ ನೀರು ಎಲ್ಲ ನೇರ ಲಿಫ್ಟಿನ ಪಂಪಿಗೆ ಹೋಗುತ್ತದೆ. ಇಲ್ಲಿಯ ಚಳಿಯಲ್ಲಿ ನಿಂತ ಗಾಡಿಯ ಒಳಗೆ ತೇವ ಕೂಡುತ್ತದೆ. ಡ್ರೈನ್ ಬೋಲ್ಟ್ ಸಡಿಲಿಸಿದರೆ ಮೊದಲು ನೀರೇ ತೊಟ್ಟಿಕ್ಕುವುದುಂಟು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಿ, ಪಂಪಿನ ಜಾಲರಿ ತೊಳೆಯಬೇಕು. ಟಾಪ್ ಲಿಂಕ್ ಸ್ಪ್ರಿಂಗಿನ ಕೊಂಡಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಿ ನೋಡಬೇಕು. ಕಟಕಟ ಅಂದರೆ ಸಡಿಲವಾಗಿದೆ. ಸಡಿಲವಿದ್ದರೆ ಡ್ರಾಫ್ಟ್ ತಡವಾಗಿ ಎಚ್ಚರಗೊಳ್ಳುತ್ತದೆ, ನೇಗಿಲು ಕುಣಿಯುತ್ತದೆ. ಬರೀ ನಟ್ಟು ಬೋಲ್ಟಿನ ಕೆಲಸ, ಆದರೆ ನೋಡುವವರು ಕಡಿಮೆ.

ಟಿಇಡಿ ಅಂದರೆ ಟಿವಿಒ ಎಂಬ, ಸೀಮೆಎಣ್ಣೆಯಂಥ ಎಣ್ಣೆಯಲ್ಲಿ ಓಡುವ ಮಾದರಿ. ನಮ್ಮಲ್ಲಿ ಸೀಮೆಎಣ್ಣೆ ಪಂಪ್‌ಸೆಟ್ ಓಡಿಸಿದವರಿಗೆ ಇದು ಹೊಸದಲ್ಲ. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ನಲ್ಲಿ ತಿರುಗಿಸಿ ಎಣ್ಣೆಗೆ ಬಿಡುವುದು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಕಾರ್ಬೊರೇಟರಿನಲ್ಲಿರುವ ಎಣ್ಣೆ ಮುಗಿಯುವವರೆಗೆ ಓಡಿಸುವುದು. ಇಲ್ಲದಿದ್ದರೆ ಮರುದಿನ ಚಳಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ. ಟಿವಿಒ ಈಗ ಬಂಕುಗಳಲ್ಲಿ ಸಿಗುವುದಿಲ್ಲ. ಸುಂಕದ ನಿಯಮ ನೋಡಿಕೊಂಡು ಸೀಮೆಎಣ್ಣೆಗೆ ಪೆಟ್ರೋಲ್ ಬೆರೆಸಿಕೊಳ್ಳುತ್ತಾರೆ. ನಾನು ನಾಲ್ಕು ಪಾಲಿಗೆ ಒಂದು ಪಾಲು ಬೆರೆಸುತ್ತೇನೆ. ಬರೀ ಸೀಮೆಎಣ್ಣೆ ಹಾಕಿದರೆ ಭಾರ ಬಿದ್ದಾಗ ಎಂಜಿನ್ ಕಟಗುಟ್ಟುತ್ತದೆ.

ಈ ಎಣ್ಣೆಯ ದೊಡ್ಡ ಪೀಡೆ ಇರುವುದು ಸಂಪಿನಲ್ಲಿ, ಅಂದರೆ ಎಂಜಿನ್ ಆಯಿಲ್ ನಿಲ್ಲುವ ತಳದ ತೊಟ್ಟಿಯಲ್ಲಿ. ಎಂಜಿನ್ ಸರಿಯಾಗಿ ಕಾಯದಿದ್ದರೆ ಸುಡದೆ ಉಳಿದ ಎಣ್ಣೆ ರಿಂಗುಗಳ ಪಕ್ಕದಿಂದ ಇಳಿದು ಎಂಜಿನ್ ಆಯಿಲ್ ಜೊತೆ ಸೇರುತ್ತದೆ. ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಕಡಿಮೆಯಾಗುವ ಬದಲು ಏರಿರುತ್ತದೆ! ಸಂತೋಷಪಡುವ ವಿಷಯವಲ್ಲ. ತೆಳ್ಳಗಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಮೂಸಿ ನೋಡುತ್ತೇನೆ. ಸೀಮೆಎಣ್ಣೆ ವಾಸನೆ ಬಂದರೆ ಗಂಟೆಗಳ ಲೆಕ್ಕ ನೋಡದೆ ಬದಲಿಸುತ್ತೇನೆ. ಶೆಡ್ಡಿನಿಂದ ಹೊರಗೆ ತಂದು ನಿಲ್ಲಿಸುವಷ್ಟೇ ಕೆಲಸವಿದ್ದರೆ ಪೆಟ್ರೋಲಿನಲ್ಲೇ ಮುಗಿಸುವುದು ಒಳ್ಳೆಯದು. ಪೆಟ್ರೋಲಿನದ್ದೂ ಒಂದು ತಲೆನೋವಿದೆ. 2021ರಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಅಂದರೆ ಇ10, ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆತದ್ದು. ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ಪೈಪು ಬದಲಿಸಿದೆ. ಚಳಿಗಾಲಕ್ಕೆ ಟ್ಯಾಂಕ್ ಖಾಲಿ ಮಾಡಿ ಇಡುತ್ತೇನೆ.

ಎಂಜಿನ್ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯದು. ಇದರ ಹತ್ತಿರದ ಸಂಬಂಧಿಯೇ ಟ್ರಯಂಫ್ ಟಿಆರ್2 ಸ್ಪೋರ್ಟ್ಸ್ ಕಾರಿನಲ್ಲಿ ಕೂತಿದ್ದು ಅಂದರೆ ನಂಬುವುದು ಕಷ್ಟ. ಪಿಸ್ಟನ್ ಓಡಾಡುವ ಕೊಳವೆಗಳು, ಅಂದರೆ ಲೈನರುಗಳು, ನೀರಿನಲ್ಲೇ ನಿಂತಿರುತ್ತವೆ, ಸವೆದರೆ ಎಳೆದು ತೆಗೆದು ಹೊಸದು ಹಾಕಬಹುದು. ಬ್ಲಾಕ್ ಕೊರೆಸುವ ಖರ್ಚಿಲ್ಲ. ಆದರೆ ಲೈನರ್ ಬುಡದ ಗ್ಯಾಸ್ಕೆಟ್ ಸೋತರೆ ನೀರು ಸಂಪಿಗೆ ಇಳಿಯುತ್ತದೆ. ಬ್ಲಾಕಿನ ಹಿಂಭಾಗದ ತಳದಲ್ಲಿ ತುಕ್ಕಿನ ಕೆಸರು ತುಂಬಿಕೊಂಡು ಕೊನೆಯ ಸಿಲಿಂಡರ್ ಜಾಸ್ತಿ ಕಾಯುತ್ತದೆ. ನಲ್ಲಿ ತೆಗೆದರೂ ನೀರು ಬಾರದಿದ್ದರೆ ತಂತಿ ಹಾಕಿ ಕೆದಕಬೇಕು. ಇಲ್ಲಿಯ ಚಳಿಗೆ ಆಂಟಿಫ್ರೀಜ್ ಇಲ್ಲದ ನೀರು ಗಡ್ಡೆಗಟ್ಟಿ ಬ್ಲಾಕನ್ನೇ ಸೀಳುತ್ತದೆ. ಊರಿನಲ್ಲಿ ಈ ಭಯವೇ ಇರಲಿಲ್ಲ. ಬ್ಯಾಟರಿಯ ಪ್ಲಸ್ ತುದಿಯನ್ನು ಗಾಡಿಯ ಲೋಹದ ಮೈಗೆ ಜೋಡಿಸಿರುತ್ತದೆ, ಮೈನಸ್ ತುದಿಯನ್ನಲ್ಲ. ಹಳೆಯ ಬ್ರಿಟಿಷ್ ಗಾಡಿಗಳ ಪದ್ಧತಿ ಅದು. ಸೆಲ್ಫ್ ಹೊಡೆಯಲು ಕೀಲಿಯಿಲ್ಲ, ಗೇರ್ ಲಿವರನ್ನೇ ‘ಎಸ್’ ಅನ್ನುವ ಜಾಗಕ್ಕೆ ತಳ್ಳಬೇಕು. ಹಾಗಾಗಿ ಗೇರಿನಲ್ಲಿದ್ದಾಗ ಗಾಡಿ ಸ್ಟಾರ್ಟ್ ಆಗುವ ಮಾತೇ ಇಲ್ಲ. ಜಾಣತನ ಅಂದರೆ ಇದು.

ಹಿಡಿತಕ್ಕಾಗಿ ಟೈರಿನೊಳಗೆ ನೀರು ತುಂಬುತ್ತಾರೆ. ಹೆಪ್ಪುಗಟ್ಟದಿರಲೆಂದು ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ವಾಲ್ವಿನ ಪಕ್ಕ ಒಂದು ಹನಿ ಜಿನುಗಿದರೂ ಆ ಉಪ್ಪು ರಿಮ್ಮನ್ನು ತಿಂದುಹಾಕುತ್ತದೆ. ನಾನು ಅದನ್ನು ತೆಗೆಸಿ ಗಾಲಿಗೆ ಕಬ್ಬಿಣದ ತೂಕ ಹಾಕಿಸಿದೆ. ದುಡ್ಡು ಹೆಚ್ಚಾದರೂ ನೆಮ್ಮದಿ. ಒಂದು ಎಚ್ಚರಿಕೆ: ಈ ಗಾಡಿಗೆ ತಲೆಯ ಮೇಲೆ ರಕ್ಷಣೆಯ ಕಂಬಿ ಇಲ್ಲ. ಮರದ ಬುಡವೋ ಸಿಕ್ಕಿಬಿದ್ದ ಗಾಡಿಯೋ ಎಳೆಯುವಾಗ ಸರಪಳಿಯನ್ನು ಟಾಪ್ ಲಿಂಕಿನ ಜಾಗಕ್ಕೆ ಕಟ್ಟಲೇಬಾರದು. ಮುಂಗಾಲಿ ಎದ್ದು ಗಾಡಿ ಬೆನ್ನ ಮೇಲೆ ಮಗುಚುತ್ತದೆ.

ನೆರೆಯವರ ಹತ್ತಿರ ಫೋರ್ಡ್‌ಸನ್ ಮೇಜರ್ ಡೀಸೆಲ್ ಇದೆ. ಎರಡು ಟನ್ನಿಗಿಂತ ಜಾಸ್ತಿ ತೂಕ. ನನ್ನ ಗಾಡಿ ಎರಡು ಸಾಲಿಗೆ ತಿಣುಕುವ ಜಾಗದಲ್ಲಿ ಅದು ಮೂರು ಸಾಲು ಎಳೆಯುತ್ತದೆ. ಬರೀ ಉಳುಮೆಯೇ ಬೇಕೆಂದರೆ ಅದನ್ನೇ ತೊಗೊಳ್ಳಿ ಅಂತ ಹೇಳುತ್ತೇನೆ. ಬಿಡಿಭಾಗ ಸುಲಭವಾಗಿ ಸಿಗಬೇಕು, ಒಬ್ಬರೇ ಬಿಚ್ಚಿ ಜೋಡಿಸಬೇಕು ಅಂದರೆ ಫರ್ಗಿ. ಪೇಂಟು ನೋಡಿ ದುಡ್ಡು ಕೊಡಬೇಡಿ. ನೇಗಿಲು ಸಿಕ್ಕಿಸಿ ಎತ್ತಲು ಹೇಳಿ. ಎತ್ತಿದ ಮೇಲೆ ಎಂಜಿನ್ ನಿಲ್ಲಿಸಿ. ನೋಡನೋಡುತ್ತಲೇ ಇಳಿದರೆ ಲಿಫ್ಟಿನ ಒಳಗೆ ಕೆಲಸವಿದೆ, ಬೆಲೆ ಇಳಿಸಿ. ಹಿಂದಿನ ಬ್ರೇಕ್ ಡ್ರಮ್ಮಿನ ಕೆಳಗೆ ಎಣ್ಣೆ ಕಲೆ ಇದ್ದರೆ ಆಕ್ಸಲ್ ಸೀಲ್ ಹೋಗಿದೆ, ಬ್ರೇಕೂ ನೆನೆದಿದೆ. ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿದ್ದಾರಾ ಅಂತ ಬ್ಲಾಕಿನ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ಅದು ತಣ್ಣಗಾಗುವವರೆಗೆ ಅವರ ಮನೆಯಲ್ಲೇ ಚಹಾ ಕುಡಿಯುತ್ತ ಕೂತುಕೊಳ್ಳಿ, ಆಮೇಲೆ ಸೆಲ್ಫ್ ಹೊಡೆಯಲು ಹೇಳಿ.