ಎಲ್‌ಎಲ್‌ಆರ್‌ನಿಂದ ಡಿಎಲ್‌ವರೆಗೆ: ಎಲ್ಲಿ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ

ಎಲ್‌ಎಲ್‌ಆರ್ ಅಂದರೆ ಕಲಿಯುವವರ ಲೈಸೆನ್ಸ್, ಡಿಎಲ್ ಅಂದರೆ ಪೂರ್ಣ ಲೈಸೆನ್ಸ್. ಮೊದಲು ವಯಸ್ಸಿನ ಲೆಕ್ಕ. ಕಾರಿಗೂ ಗೇರ್ ಬೈಕಿಗೂ 18 ತುಂಬಿರಬೇಕು. ಎಲ್‌ಎಲ್‌ಆರ್ ಮಾಡಿಸುವ ದಿನವೇ ತುಂಬಿರಬೇಕು. 16ಕ್ಕೇ ಗೇರ್ ಇಲ್ಲದ ಗಾಡಿಗೆ ಲೈಸೆನ್ಸ್ ಸಿಗುತ್ತದೆ ಎನ್ನುವ ಮಾತು ಸುಳ್ಳಲ್ಲ. ಅದಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಗಾಡಿಯ ಎಂಜಿನ್ 50 ಸಿಸಿ ಮೀರಿರಬಾರದು. ಮನೆಯಲ್ಲಿರುವ ಸ್ಕೂಟರ್ 110 ಅಥವಾ 125 ಸಿಸಿಯದು, ಟಿವಿಎಸ್ ಎಕ್ಸ್‌ಎಲ್ ಮೊಪೆಡ್ ಕೂಡ 100ರ ಹತ್ತಿರದ್ದು. ಹಾಗಾಗಿ ಆ ಲೈಸೆನ್ಸ್ ಇಟ್ಟುಕೊಂಡು ಟ್ಯೂಷನ್‌ಗೆ ಸ್ಕೂಟರ್‌ನಲ್ಲಿ ಹೋದರೂ ಅದು ಲೈಸೆನ್ಸ್ ಇಲ್ಲದ ಓಡಾಟವೇ. 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ದಾಟದ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸೇ ಬೇಡ. 18 ತುಂಬುವವರೆಗೆ ಅದೊಂದೇ ದಾರಿ.

ಅಪ್ರಾಪ್ತರು ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಪೋಷಕರಿಗೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಇಲ್ಲ.

ಅರ್ಜಿ ಹಾಕುವುದು ಪರಿವಾಹನ್ ಜಾಲತಾಣದ ‘ಸಾರಥಿ’ ವಿಭಾಗದಲ್ಲಿ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸಕ್ಕೆ ಆಧಾರ್ ಸಾಕು. ತಕರಾರು ಹುಟ್ಟುವುದು ಹೆಸರಲ್ಲಿ: ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದಿದ್ದು ಆಧಾರ್‌ನಲ್ಲಿ ಮುಂದಿದ್ದರೆ, ಅಥವಾ ಅಪ್ಪನ ಪೂರ್ತಿ ಹೆಸರು ಸೇರಿಕೊಂಡಿದ್ದರೆ ಅರ್ಜಿ ವಾಪಸ್ ಬರುವ ಸಾಧ್ಯತೆ ಹೆಚ್ಚು. ಮೊದಲೇ ಆಧಾರ್ ತಿದ್ದಿಸಿಕೊಂಡರೆ ತಲೆನೋವು ಕಡಿಮೆ. ಹಾಸ್ಟೆಲ್‌ನಲ್ಲಿರುವವರು ಊರಿನ ಆರ್‌ಟಿಒಗೇ ಹೋಗಬೇಕೆಂದಿಲ್ಲ. ವಾಸವಿರುವ ರಾಜ್ಯದ ಯಾವ ಆರ್‌ಟಿಒ ಆದರೂ ಆಗುತ್ತದೆ.

ಗಾಡಿಯ ವರ್ಗ ಟಿಕ್ ಮಾಡುವಾಗ ಸ್ವಲ್ಪ ನಿಂತು ಯೋಚಿಸಿ. ಗೇರ್ ಬೈಕಿನಲ್ಲಿ ಪಾಸಾದವರು ಗೇರ್ ಇಲ್ಲದ ಸ್ಕೂಟರ್ ಓಡಿಸಬಹುದು, ಸ್ಕೂಟರ್‌ನಲ್ಲಿ ಪಾಸಾದವರು ಬೈಕ್ ಮುಟ್ಟುವಂತಿಲ್ಲ. ‘ಸದ್ಯಕ್ಕೆ ಸ್ಕೂಟರ್ ಸಾಕು’ ಎಂದವರು ಬೈಕ್ ಕೊಂಡಾಗ ಮತ್ತೆ ಎಲ್‌ಎಲ್‌ಆರ್‌ನಿಂದಲೇ ಶುರುಮಾಡಬೇಕು. ಒಂದೊಂದು ವರ್ಗಕ್ಕೆ ಎಲ್‌ಎಲ್‌ಆರ್ ಶುಲ್ಕ 150 ರೂಪಾಯಿ, ಅದರ ಪರೀಕ್ಷೆಗೆ 50. ಬೈಕ್, ಕಾರು ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸುವುದು ಜಾಣತನ.

ಎಲ್‌ಎಲ್‌ಆರ್ ಪರೀಕ್ಷೆ ಕಂಪ್ಯೂಟರ್‌ನಲ್ಲಿ, ಪಾಸಾಗಲು ಶೇ 60 ಸರಿ ಉತ್ತರ ಬೇಕು. ತಪ್ಪುವುದು ಹೆಚ್ಚಾಗಿ ಫಲಕಗಳಲ್ಲೇ. ವೃತ್ತ ಅಂದರೆ ಆದೇಶ, ತ್ರಿಕೋನ ಅಂದರೆ ಎಚ್ಚರಿಕೆ, ನೀಲಿ ಆಯತ ಅಂದರೆ ಮಾಹಿತಿ. ತಲೆಕೆಳಗಾದ ತ್ರಿಕೋನ ಮಾತ್ರ ‘ದಾರಿ ಬಿಡಿ’ ಎಂಬ ಆದೇಶ. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದೇ ಅಡ್ಡಗೆರೆ ಇದ್ದರೆ ಪಾರ್ಕಿಂಗ್ ಇಲ್ಲ, ಎರಡು ಗೆರೆ ಕತ್ತರಿ ಹಾಕಿದ್ದರೆ ನಿಲ್ಲಿಸುವಂತೆಯೇ ಇಲ್ಲ.

ಎಲ್‌ಎಲ್‌ಆರ್ ಕೈಗೆ ಬಂದ ಮೇಲೆ 6 ತಿಂಗಳು ಊರ್ಜಿತ. 30 ದಿನ ಕಳೆಯದೆ ಡಿಎಲ್ ಟೆಸ್ಟ್‌ಗೆ ನಿಲ್ಲುವಂತಿಲ್ಲ. ಸ್ಲಾಟ್ ಸಿಗುವುದೇ ಕಷ್ಟವಿರುವ ನಗರಗಳಲ್ಲಿ ಐದನೇ ತಿಂಗಳವರೆಗೆ ಸುಮ್ಮನಿದ್ದು, ಒಮ್ಮೆ ಫೇಲಾದರೆ ಅವಧಿಯೇ ಮುಗಿದುಹೋಗುತ್ತದೆ. ಮತ್ತೆ ಮೊದಲಿನಿಂದ ಶುಲ್ಕ, ಮತ್ತೆ 30 ದಿನ. ಎರಡನೇ ತಿಂಗಳಲ್ಲೇ ಸ್ಲಾಟ್ ಬುಕ್ ಮಾಡಿ.

ಈ ಅವಧಿಯಲ್ಲಿ ಒಬ್ಬರೇ ಓಡಿಸುವಂತಿಲ್ಲ ಎಂಬುದನ್ನು ಬಹುಪಾಲು ಜನ ಮರೆತೇಬಿಡುತ್ತಾರೆ. ಡಿಎಲ್ ಇರುವವರು ಪಕ್ಕದಲ್ಲಿ, ಗಾಡಿ ನಿಲ್ಲಿಸಲು ಕೈಗೆಟಕುವಂತೆ ಕೂತಿರಬೇಕು. ಬೈಕಿನಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳಬಾರದು. ಹಿಂದೆ ಮುಂದೆ ಎರಡೂ ಕಡೆ ಎಲ್ ಬೋರ್ಡ್: ಸುಮಾರು 18 ಸೆಂ.ಮೀ. ಚೌಕದ ಬಿಳಿ ಹಿನ್ನೆಲೆ, 10 ಸೆಂ.ಮೀ. ಎತ್ತರದ ಕೆಂಪಕ್ಷರ.

ಅಭ್ಯಾಸವನ್ನು ಟೆಸ್ಟ್‌ನಲ್ಲಿ ಕೇಳುವುದರ ಮೇಲೇ ಇಡಿ. ಬೈಕಿಗೆ ಎಂಟು ಹಾಕಬೇಕು, ಅಂದರೆ 8ರ ಆಕಾರದಲ್ಲಿ ಓಡಿಸಬೇಕು. ಒಂದನೇ ಗೇರ್, ಹಾಫ್ ಕ್ಲಚ್, ಎಕ್ಸಲರೇಟರ್ ಒಂದೇ ಸಮ. ವೇಗ ತಗ್ಗಿಸಲು ಹಿಂದಿನ ಬ್ರೇಕ್ ಮಾತ್ರ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಒತ್ತಿದರೆ ಗಾಡಿ ಒಳಕ್ಕೆ ವಾಲುತ್ತದೆ, ಕಾಲು ನೆಲಕ್ಕೆ ಬರುತ್ತದೆ, ಅಲ್ಲಿಗೆ ಮುಗಿಯಿತು. ಕಣ್ಣು ಮುಂದಿನ ಚಕ್ರದ ಮೇಲಿರಬಾರದು, ಮುಂದಿನ ತಿರುವಿನ ಕೊನೆಯಲ್ಲಿರಬೇಕು. ನೋಟ ಹೋದ ಕಡೆಗೇ ಗಾಡಿ ಹೋಗುತ್ತದೆ. ಸ್ಕೂಟರ್‌ನವರಿಗೆ ಕ್ಲಚ್ ಇಲ್ಲದ ಕಾರಣ ಎಕ್ಸಲರೇಟರ್ ಸ್ವಲ್ಪ ಕೊಟ್ಟುಕೊಂಡೇ ಹಿಂದಿನ ಬ್ರೇಕನ್ನು ಮೆಲ್ಲಗೆ ಹಿಡಿದಿರಬೇಕು.

ಕಾರಿನಲ್ಲಿ ಹೆಚ್ಚು ಜನ ಕೈಚೆಲ್ಲುವುದು ಏರಿನಲ್ಲಿ. ಹಿಂದಕ್ಕೆ ಜಾರದೆ ನಿಂತಲ್ಲಿಂದ ಹೊರಡಬೇಕು. ಹ್ಯಾಂಡ್‌ಬ್ರೇಕ್ ಎಳೆದು ಒಂದನೇ ಗೇರ್ ಹಾಕಿ, ಎಕ್ಸಲರೇಟರ್ ಸ್ವಲ್ಪ ಕೊಟ್ಟು ಕ್ಲಚ್ಚನ್ನು ನಿಧಾನ ಬಿಡುತ್ತಾ ಬನ್ನಿ. ಎಂಜಿನ್ ಸದ್ದು ತುಸು ಇಳಿಯುತ್ತದೆ, ಬಾನೆಟ್ ಕೊಂಚ ಮೇಲೇಳುತ್ತದೆ. ಕ್ಲಚ್ ಹಿಡಿದುಕೊಂಡಿತು ಎಂದರ್ಥ. ಪಾದವನ್ನು ಅಲ್ಲೇ ತಡೆದು ಹ್ಯಾಂಡ್‌ಬ್ರೇಕ್ ಇಳಿಸಿ. ಗಾಬರಿಯಲ್ಲಿ ಹ್ಯಾಂಡ್‌ಬ್ರೇಕ್ ಮೊದಲು ಇಳಿಸಿದರೆ ಕಾರು ಹಿಂದಕ್ಕೆ ಜಾರುತ್ತದೆ, ಕ್ಲಚ್ ಫಟ್ಟನೆ ಬಿಟ್ಟರೆ ಆಫ್ ಆಗುತ್ತದೆ. ಉಳಿದಂತೆ ಹೊರಡುವ ಮುನ್ನ ಕನ್ನಡಿ ಸರಿಮಾಡಿಕೊಳ್ಳುವುದು, ತಿರುಗುವ ಮೊದಲು ಇಂಡಿಕೇಟರ್, ಇಕ್ಕಟ್ಟಿನಲ್ಲಿ ರಿವರ್ಸ್. ಬೆಂಗಳೂರಿನ ಜ್ಞಾನಭಾರತಿ ಆರ್‌ಟಿಒದಂಥ ಕಡೆ ಸೆನ್ಸರ್ ಇರುವ ಸ್ವಯಂಚಾಲಿತ ಟ್ರ್ಯಾಕ್ ಇದೆ. ಗೆರೆ ಮುಟ್ಟಿದ್ದನ್ನು ಯಂತ್ರವೇ ಗುರುತಿಸುವುದರಿಂದ ಅಲ್ಲಿ ‘ಸಾರ್, ಇನ್ನೊಂದ್ಸಲ’ ನಡೆಯುವುದಿಲ್ಲ.

ಟೆಸ್ಟ್ ಶುಲ್ಕ ಪ್ರತಿ ವರ್ಗಕ್ಕೆ 300, ಡಿಎಲ್‌ಗೆ 200. ಕಾರ್ಡ್, ಸೇವಾ ಶುಲ್ಕ ಬೇರೆ ಇರಬಹುದು. ಓಡಿಸುವ ಗಾಡಿಯ ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ. ಗೆಳೆಯನ ಬೈಕ್ ತಂದು, ಅದರ ವಿಮೆ ಮುಗಿದಿರುವುದು ಗೇಟಿನಲ್ಲಿ ಗೊತ್ತಾದರೆ ಆ ದಿನದ ಸ್ಲಾಟ್ ಹೋದಂತೆಯೇ. ಐಎಸ್‌ಐ ಹೆಲ್ಮೆಟ್ ಬೇಕು, ಬೈಕಿಗೆ ಎರಡೂ ಕನ್ನಡಿ ಇರಲಿ.

ಫೇಲಾದರೆ 7 ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲವೂ ಆಗದಿದ್ದರೆ ಕೊನೆಯ ಟೆಸ್ಟ್‌ನಿಂದ 60 ದಿನ ಕಾಯಬೇಕು, ಆಗ ಎಲ್‌ಎಲ್‌ಆರ್ ದಿನಾಂಕದ ಮೇಲೂ ಒಂದು ಕಣ್ಣಿರಲಿ. 30 ತುಂಬುವ ಮೊದಲೇ ಡಿಎಲ್ ಪಡೆದವರಿಗೆ ಅದು 40 ವರ್ಷ ತುಂಬುವವರೆಗೆ ನಡೆಯುತ್ತದೆ. ಕಾರ್ಡ್ ಬರುವ ಮೊದಲೇ ಡಿಜಿಲಾಕರ್‌ನಲ್ಲಿ ಕಾಣಿಸಿಕೊಂಡರೆ ಹೆಸರು, ಹುಟ್ಟಿದ ದಿನಾಂಕ, ವರ್ಗ ಮೂರನ್ನೂ ನೋಡಿಕೊಂಡು, ತಪ್ಪಿದ್ದರೆ ಆಗಲೇ ಆರ್‌ಟಿಒಗೆ ಹೇಳಿ ಸರಿಪಡಿಸಿಕೊಳ್ಳಿ.