ಮುತ್ತುಗದ ಎಲೆ ಹಚ್ಚುವ ಬಗೆ

ಗಾಯತ್ರಿ ಎಂಬ ಛಂದಸ್ಸು ಮೂರನೆಯ ಸ್ವರ್ಗದಿಂದ ಸೋಮದ ಬಳ್ಳಿಯನ್ನು ತರುವಾಗ ಅದರಿಂದ ಕಡಿದು ಬಿದ್ದ ಒಂದೆಲೆ ‘ಪರ್ಣ’ವಾಯಿತು ಎನ್ನುತ್ತದೆ ಯಜುರ್ವೇದದ ತೈತ್ತಿರೀಯ ಸಂಹಿತೆ. ಆ ಪರ್ಣವೇ ನಮ್ಮ ಮುತ್ತುಗದ ಮರ. ಯಜ್ಞದ ಜುಹೂ ಸೌಟಿಗೆ ಅಲ್ಲಿ ಹೇಳಿರುವುದು ಇದರದೇ ಕಟ್ಟಿಗೆ. ನವಗ್ರಹ ಹೋಮದಲ್ಲಿ ಚಂದ್ರನ ಸಮಿತ್ತೂ ಇದೇ. ದಿನಬಳಕೆಗೆ ಬಂದರೆ ಮುತ್ತುಗವೆಂದರೆ ಮೊದಲು ಊಟದೆಲೆ: ಹಲವು ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಜೋಡಿಸಿದ, ಅಂದರೆ ‘ಹಚ್ಚಿದ’, ತಟ್ಟೆ.

ಮುತ್ತುಗ ಬೇಸಿಗೆಯ ಹೊತ್ತಿಗೆ ಎಲೆ ಉದುರಿಸಿ ಬರೀ ಕೆಂಪು ಹೂವಾಗಿ ನಿಲ್ಲುತ್ತದೆ. ಆಮೇಲೆ ಬರುವ ಚಿಗುರನ್ನು ಕೀಳಬೇಡಿ, ಒಣಗಿದರೆ ಮುದುರಿಕೊಳ್ಳುತ್ತದೆ. ಕಡುಹಸಿರಿಗೆ ತಿರುಗಿ, ಮಡಚಿದರೂ ಮುರಿಯದಂಥ ಎಲೆ ಬೇಕು. ಒಂದು ತೊಟ್ಟಿಗೆ ಮೂರೆಲೆ. ನಡುವಿನದು ದೊಡ್ಡದು, ಎರಡೂ ಬದಿ ಸಮ; ಅದನ್ನು ತಟ್ಟೆಯ ಮಧ್ಯಕ್ಕಿಡಿ. ಪಕ್ಕದವು ಓರೆಯಾಗಿರುವುದರಿಂದ ಅಂಚಿಗೆ ಸರಿ.

ತೊಟ್ಟು ಚಿವುಟಿ, ನುಣುಪಾದ ಬದಿ ಮೇಲೆ ಮಾಡಿ. ನಡುವಿನ ಎಲೆಯ ಸುತ್ತ ಆರೋ ಎಂಟೋ ಎಲೆಗಳನ್ನು ಜೋಡಿಸಿ. ಪ್ರತಿಯೊಂದೂ ಪಕ್ಕದ್ದನ್ನು ಮೂರರಲ್ಲೊಂದು ಪಾಲಾದರೂ ಮುಚ್ಚಬೇಕು. ಸಾರು ಸೋರುವುದು ಹೆಚ್ಚಾಗಿ ಇಲ್ಲಿ ಜಿಪುಣತನ ಮಾಡಿದಾಗ. ಕಡ್ಡಿಗೆ ಬಿದಿರನ್ನು ತೆಳ್ಳಗೆ ಸೀಳಿಕೊಳ್ಳಿ. ಎರಡೂ ಎಲೆ ಸೇರಿಸಿ ಚುಚ್ಚಿ, ಅರ್ಧ ಅಂಗುಲ ದಾಟಿಸಿ ಮತ್ತೆ ಮೇಲೆತ್ತಿ, ಉಳಿದ ಕಡ್ಡಿ ಮುರಿಯಿರಿ. ನರಕ್ಕೆ ಅಡ್ಡವಾಗಿ ಚುಚ್ಚಬೇಕು. ನರದ ಉದ್ದಕ್ಕೆ ಚುಚ್ಚಿದರೆ ಎಲೆ ಸೀಳಿಹೋಗುತ್ತದೆ. ಕಡ್ಡಿಯ ತುದಿ ಊಟದ ಬದಿಗೆ ಚಾಚಿಕೊಂಡಿರಬಾರದು, ಕೈಗೂ ಬಾಯಿಗೂ ಚುಚ್ಚುತ್ತದೆ.

ಹಚ್ಚಿದ ಎಲೆಗಳನ್ನು ಇಪ್ಪತ್ತೈದರಂತೆ ಪೇರಿಸಿ, ಮೇಲೆ ಮಣೆ, ಅದರ ಮೇಲೆ ಕಲ್ಲು ಹೇರಿ ಗಾಳಿಯಾಡುವ ನೆರಳಲ್ಲಿಡಿ. ದಿನಕ್ಕೊಮ್ಮೆ ಅಡಿಯವನ್ನು ಮೇಲಕ್ಕೆ ತನ್ನಿ, ಇಲ್ಲದಿದ್ದರೆ ನಡುವಿನವು ಬೂಷ್ಟು ಹಿಡಿಯುತ್ತವೆ. ಬಿಸಿಲಿಗೆ ಹಾಕಿದರೆ ಸುರುಳಿ ಸುತ್ತಿ ಒಡೆಯುತ್ತವೆ. ಪೂರ್ತಿ ಒಣಗಿದ ಮೇಲಷ್ಟೇ ಕಟ್ಟು ಕಟ್ಟಿ.

ಬಡಿಸುವ ಹತ್ತು ನಿಮಿಷ ಮೊದಲು ನೀರು ಚಿಮುಕಿಸಿ. ಒಣ ಎಲೆ ಮೆತ್ತಗಾಗಿ ಅನ್ನದ ಭಾರಕ್ಕೆ ಬಾಗುತ್ತದೆ, ಬಿರಿಯುವುದಿಲ್ಲ. ಬಿಸಿ ಅನ್ನ ಬಿದ್ದಾಗ ಏಳುವ ಆ ಪರಿಮಳ ಸ್ಟೀಲ್ ತಟ್ಟೆಗೆ ಎಂದೂ ಬರದು.

ಹೂವನ್ನೂ ಬಿಡಬೇಡಿ. ಎರಡು ಹಿಡಿ ಹೂವನ್ನು ಎರಡು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿದರೆ ಹೋಳಿ ಹಬ್ಬಕ್ಕೆ ಹಳದಿ ಓಕುಳಿ ಸಿದ್ಧ. ಚಿಟಿಕೆ ಸುಣ್ಣ ಬೆರೆಸಿದರೆ ಕಿತ್ತಳೆಗೆ ತಿರುಗುತ್ತದೆ. ಆದರೆ ಸುಣ್ಣ ಬೆರೆಸಿದ್ದನ್ನು ಬಟ್ಟೆಗಷ್ಟೇ ಬಳಸಿ, ಕಣ್ಣಿಗೆ ಬಿದ್ದರೆ ಅಪಾಯ. ಈ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಸೀರೆಗೆ ಹಾಕಿ ನಿರಾಶರಾಗಬೇಡಿ.