ಕರಕರ ಅನ್ನುವ ವಾಲ್ಯೂಮ್, ಹಿಡಿದುಕೊಂಡ ನಾಬ್: ಹಳೇ ಕಂಟ್ರೋಲ್‌ಗಳನ್ನು ಶುಚಿ ಮಾಡಿ ಗ್ರೀಸ್ ಹಚ್ಚುವ ಬಗೆ

ರೇಡಿಯೊದ ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಫ್ಯಾನ್ ರೆಗ್ಯುಲೇಟರ್‌ನ ಮೂರನೇ ನಂಬರ್ ಮಾತ್ರ ಕೆಲಸ ಮಾಡಲ್ಲ. ಮಿಕ್ಸಿ ನಾಬ್ ಅರ್ಧಕ್ಕೇ ಹಿಡಿದು ನಿಲ್ಲುತ್ತೆ. ಮೂರಕ್ಕೂ ಒಂದೇ ಡಬ್ಬಿಯ ಸ್ಪ್ರೇ ಹೊಡೆಯುವುದು ವಾಡಿಕೆ. ರಿಪೇರಿ ಆಗಬಹುದಾಗಿದ್ದ ಎಷ್ಟೋ ಸಾಮಾನು ಗುಜರಿ ಸೇರುವುದು ಇದರಿಂದಲೇ. ರೇಡಿಯೊದ ಪಾಟ್‌ನಲ್ಲಿ (ವಾಲ್ಯೂಮ್ ನಾಬ್ ಹಿಂದಿನ ಪೊಟೆನ್ಶಿಯೋಮೀಟರ್) ಹರಿಯುವುದು ತೀರಾ ಸಣ್ಣ ಸಿಗ್ನಲ್, ಮಿಕ್ಸಿ ಸ್ವಿಚ್‌ನಲ್ಲಿ ಹರಿಯುವುದು ಮೋಟಾರಿನ ಪೂರ್ತಿ ಕರೆಂಟು. ಒಂದಕ್ಕೆ ಹಿತವಾದ ಎಣ್ಣೆ ಇನ್ನೊಂದರಲ್ಲಿ ಸುಟ್ಟು ಕರಿ ಆಗುತ್ತೆ.

ನಮ್ಮ ಕಡೆಯ ಕೊಳೆಯಲ್ಲೂ ಎರಡು ಬಗೆ. ಚಳ್ಳಕೆರೆ, ಹಿರಿಯೂರು ಕಡೆ ಒಣಗಾಳಿಯಲ್ಲಿ ಬಂದು ಕೂರುವುದು ನುಣ್ಣನೆ ಮಣ್ಣಿನ ಧೂಳು. ಒಣ ಬ್ರಷ್‌ಗೆ ಸುಲಭವಾಗಿ ಬರುತ್ತೆ, ಆದರೆ ಎಣ್ಣೆ ಸೇರಿದ ತಕ್ಷಣ ಸಾಣೆ ಪುಡಿಯ ಹಾಗೆ ಟ್ರ್ಯಾಕನ್ನು ತೇಯುತ್ತೆ. ದಾವಣಗೆರೆಯಲ್ಲಿ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಲ್ಲಿ ತೌಡಿನ ಧೂಳೂ ಹೊಗೆಯ ಜಿಡ್ಡೂ ಕೂಡಿ ಅಂಟಿಕೊಂಡಿರುತ್ತೆ. ಇದು ಬ್ರಷ್‌ಗೆ ಜಗ್ಗಲ್ಲ, ಆಲ್ಕೊಹಾಲ್ ಬೇಕೇ ಬೇಕು. ಎರಡರಲ್ಲಿ ಯಾವುದೇ ಇರಲಿ, ಮೊದಲು ಒಣಗಿದ್ದನ್ನು ಬ್ರಷ್‌ನಲ್ಲಿ ಪೂರ್ತಿ ತೆಗೆದ ಮೇಲೇ ದ್ರವ ಮುಟ್ಟಬೇಕು.

ತಂದಿಟ್ಟುಕೊಳ್ಳಬೇಕಾದವು: 99% ಐಸೊಪ್ರೊಪೈಲ್ ಆಲ್ಕೊಹಾಲ್ 100 ಮಿ.ಲೀ. (ಕೈ ಒರೆಸುವ 70%ನದ್ದು ಬೇಡ, ಅದರಲ್ಲಿ ನೀರಿನ ಪಾಲು ಜಾಸ್ತಿ), ಸೂಜಿ ಸಮೇತ 2 ಮಿ.ಲೀ. ಸಿರಿಂಜ್, ಪ್ಲಾಸ್ಟಿಕ್‌ಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರ್, ಬಿಳಿ ಲಿಥಿಯಂ ಗ್ರೀಸ್, ಹೊಲಿಗೆ ಮಿಷನ್ ಎಣ್ಣೆ, ಮೆತ್ತನೆ ಬ್ರಷ್, ದಪ್ಪ ಬಿಳಿ ಕಾಗದ, ಒಂದು ಮಲ್ಟಿಮೀಟರ್. ಪೆಟ್ರೋಲ್, ಥಿನ್ನರ್ ಹತ್ತಿರವೂ ತರಬೇಡಿ. ಪ್ಲಾಸ್ಟಿಕ್ ನಾಬ್ ಬಿರುಕು ಬಿಡುತ್ತೆ, ಡಯಲ್ ಮೇಲಿನ ಅಂಕಿಗಳು ಅಳಿಸಿಹೋಗುತ್ತವೆ. ಎಲ್ಲ ಅಂಗಡಿಯಲ್ಲೂ ಸಿಗುವ ಮಾಮೂಲಿ ಡಬ್ಲ್ಯೂಡಿ-40 ಕೂಡ ಪಾಟ್‌ಗೆ ಬೇಡ. ಮೊದಲ ವಾರ ಸದ್ದು ನಿಂತಂತೆ ಕಾಣುತ್ತೆ, ಆಮೇಲೆ ಉಳಿದ ಎಣ್ಣೆಪದರ ಧೂಳು ಹಿಡಿದು ಮೊದಲಿಗಿಂತ ಕೆಡುತ್ತೆ. ಅದೇ ಹೆಸರಿನಲ್ಲಿ ಬರುವ ಸ್ಪೆಷಲಿಸ್ಟ್ ಕಾಂಟ್ಯಾಕ್ಟ್ ಕ್ಲೀನರ್ ಬೇರೆ ಸರಕು, ಅದನ್ನು ಬಳಸಬಹುದು.

ಬಿಚ್ಚುವ ಮುನ್ನ ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ವಾಲ್ವ್ ರೇಡಿಯೊಗಳಲ್ಲಿ ಚಾಸಿಯೇ (ಒಳಗಿನ ಲೋಹದ ಚೌಕಟ್ಟು) ನೇರ ಮೈನ್ಸ್‌ಗೆ ಸೇರಿರುತ್ತೆ. ಪ್ಲಗ್ ತೆಗೆದ ಮೇಲೂ ವಾಲ್ವ್ ಸೆಟ್‌ನ ಫಿಲ್ಟರ್ ಕೆಪಾಸಿಟರ್‌ನಲ್ಲಿ 250 ವೋಲ್ಟ್ ಆಸುಪಾಸು ಉಳಿದಿರಬಹುದು. 10 ಕಿಲೊಓಮ್, 5 ವ್ಯಾಟ್ ರೆಸಿಸ್ಟರ್ ಅನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಹಿಡಿಸಿ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿಕೊಂಡೇ ಕೈ ಹಾಕಿ.

ವಾಲ್ಯೂಮ್ ಮತ್ತು ಟೋನ್ ಪಾಟ್

ಪಾಟ್ ಒಳಗೆ ಕುದುರೆಲಾಳದ ಆಕಾರದ ಕಾರ್ಬನ್ ಟ್ರ್ಯಾಕ್, ಅದರ ಮೇಲೆ ಜಾರುವ ವೈಪರ್. ಇವೆರಡರ ನಡುವೆ ಕೊಳೆ ಕೂತಾಗ ಸಂಪರ್ಕ ತಪ್ಪಿ ತಪ್ಪಿ ಸಿಗುತ್ತೆ, ಅದೇ ಕರಕರ. ವೈರ್ ಬೆಸೆಯುವ ಕಾಲುಗಳು ಹೊರಬರುವ ಜಾಗದ ಮೇಲೆ ಸಣ್ಣ ಸಂದು ಇರುತ್ತೆ. ದ್ರವ ಹೋಗಬೇಕಾದ್ದು ಅಲ್ಲಿಂದ, ಶಾಫ್ಟ್ (ನಾಬ್ ಕೂರುವ ಕಡ್ಡಿ) ಕಡೆಯಿಂದ ಯಾವತ್ತೂ ಬೇಡ. ಶಾಫ್ಟ್ ಸುತ್ತ ಗಟ್ಟಿ ಗ್ರೀಸ್ ತುಂಬಿರುತ್ತಾರೆ, ನಾಬ್ ತಿರುಗಿಸುವಾಗ ಸಿಗುವ ಆ ಮೆತ್ತನೆ ಬಿಗಿ ಅದರದ್ದೇ. ಕ್ಲೀನರ್ ಅದನ್ನು ಕರಗಿಸಿ ಟ್ರ್ಯಾಕ್ ಮೇಲೆ ಹರಡಿದರೆ ಬಿಗಿಯೂ ಹೋಯಿತು, ಟ್ರ್ಯಾಕೂ ಮೆತ್ತಿಕೊಂಡಿತು.

ಸೆಟ್ ಅನ್ನು ಸಂದು ಮೇಲೆ ಬರುವಂತೆ ಓರೆಯಾಗಿಟ್ಟು, ಸಿರಿಂಜ್‌ನಲ್ಲಿ 0.2ರಿಂದ 0.3 ಮಿ.ಲೀ. ಆಲ್ಕೊಹಾಲ್ ಬಿಡಿ. ಈ ತುದಿಯಿಂದ ಆ ತುದಿಗೆ 20-30 ಸಲ ಪೂರ್ತಿ ತಿರುಗಿಸಿ. ಸಂದು ಕೆಳಗೆ ಬರುವಂತೆ ಸೆಟ್ ಮಗುಚಿ, ಕೆಳಗೆ ಬಿಳಿ ಕಾಗದ ಇಡಿ. ಇಳಿದ ಹನಿ ಕಂದು ಬಣ್ಣಕ್ಕಿದ್ದರೆ ಜಿಡ್ಡು ಬರುತ್ತಿದೆ ಅಂತ ಅರ್ಥ, ಇನ್ನೊಂದು ಸುತ್ತು ಮಾಡಿ. ಹನಿ ಮಸಿಯಂತೆ ಕಡುಕಪ್ಪಾಗಿ ಬಂದರೆ ಟ್ರ್ಯಾಕಿನ ಕಾರ್ಬನ್ನೇ ಉದುರುತ್ತಿದೆ, ಅಲ್ಲಿಗೆ ನಿಲ್ಲಿಸಿ. ಬಾಯಿಂದ ಊದಬೇಡಿ, ತೇವ ಸೇರುತ್ತೆ. ಅರ್ಧ ಗಂಟೆ ಒಣಗಲು ಬಿಡಿ. ನಮ್ಮ ಬೇಸಿಗೆಯಲ್ಲಿ ಹೊರಗೆ ನಿಮಿಷದಲ್ಲಿ ಆರಿದರೂ ಮುಚ್ಚಿದ ಡಬ್ಬಿಯೊಳಗೆ ಅಷ್ಟು ಬೇಗ ಆರಲ್ಲ.

ಆಲ್ಕೊಹಾಲ್ ತೊಳೆಯುತ್ತೆ ಅಷ್ಟೇ, ಜಾರಿಕೆ ಕೊಡಲ್ಲ. ಒಣಗಿದ ಮೇಲೆ ಪಾಟ್‌ಗೆಂದೇ ಬರುವ, ಲ್ಯೂಬ್ರಿಕೆಂಟ್ ಬೆರೆತ ಕ್ಲೀನರ್ ಒಂದೇ ಒಂದು ಚುಟುಕು ಸ್ಪ್ರೇ ಕೊಟ್ಟು ಹತ್ತು ಸಲ ತಿರುಗಿಸಿ. ಡಿಆಕ್ಸಿಟ್ ಫೇಡರ್‌ಲ್ಯೂಬ್ ಈ ಕೆಲಸಕ್ಕೇ ಮಾಡಿದ್ದು. ಸಿಗದಿದ್ದರೆ ಹಾಗೇ ಬಿಡಿ, ಬದಲಿಗೆ ಕೊಬ್ಬರಿ ಎಣ್ಣೆ, ಮಿಷನ್ ಎಣ್ಣೆ ಬಿಡಬೇಡಿ.

ಸರಿಹೋಯಿತೇ ಅಂತ ನೋಡಲು ಮುಳ್ಳಿನ ಮೀಟರ್ ಒಳ್ಳೆಯದು. ನಡುಕಾಲಿಗೂ ಒಂದು ತುದಿಯ ಕಾಲಿಗೂ ಹಚ್ಚಿ ನಿಧಾನ ತಿರುಗಿಸಿ. ಮುಳ್ಳು ತಡವರಿಸದೆ ಸಾಗಬೇಕು. ಡಿಜಿಟಲ್ ಮೀಟರ್ ಕ್ಷಣದ ಜಿಗಿತಗಳನ್ನು ನುಂಗಿಬಿಡುತ್ತೆ. ಸರ್ಕ್ಯೂಟ್‌ನಲ್ಲಿ ಇದ್ದಂತೆಯೇ ಅಳೆದರೆ ಓಮ್ ಕಡಿಮೆ ತೋರಿಸಬಹುದು, ನಿಖರ ಬೆಲೆ ಬೇಕಿದ್ದರೆ ಪಾಟ್‌ನ ವೈರ್ ಬಿಚ್ಚಿಯೇ ಅಳೆಯಬೇಕು.

ಎರಡು ಸಲ ಶುಚಿ ಮಾಡಿದರೂ ಉದ್ದಕ್ಕೂ ಒಂದೇ ಸಮ ಕರಕರ ಬಂದರೆ ಪಾಟ್ ಮೇಲಿನ ಅನುಮಾನ ಬಿಡಿ. ಹಿಂದಿನ ಅಥವಾ ಮುಂದಿನ ಹಂತದ ಕಪ್ಲಿಂಗ್ ಕೆಪಾಸಿಟರ್ (ಸಿಗ್ನಲ್ ಬಿಟ್ಟು ಡಿಸಿ ತಡೆಯುವುದು) ಸೋರಿ, ಪಾಟ್ ಮೇಲೆ ಡಿಸಿ ಬರುತ್ತಿರಬಹುದು. ಆಂಪ್ಲಿಫೈಯರ್, ಟೇಪ್ ಡೆಕ್‌ಗಳಲ್ಲಿ ಪಾಟ್‌ನ ಕಾಲುಗಳಲ್ಲಿ ಡಿಸಿ ಸೊನ್ನೆಯ ಹತ್ತಿರ ಇರಬೇಕು. ಕೆಲವು ರೇಡಿಯೊಗಳಲ್ಲಿ ವಾಲ್ಯೂಮ್ ಪಾಟೇ ಡಿಟೆಕ್ಟರ್‌ನ (ರೇಡಿಯೊ ಸಿಗ್ನಲ್‌ನಿಂದ ಧ್ವನಿ ಬೇರ್ಪಡಿಸುವ ಹಂತ) ಲೋಡ್ ಆಗಿರುತ್ತೆ, ಅಲ್ಲಿ ಸ್ವಲ್ಪ ಡಿಸಿ ಸಹಜ. ಹಾಗಾಗಿ ಸರ್ಕ್ಯೂಟ್ ನೋಡಿಯೇ ತೀರ್ಮಾನಿಸಿ. ಹೊಸ ಪಾಟ್ ಹಾಕುವುದೇ ಆದರೆ ಓಮ್ ಜೊತೆ ಅಕ್ಷರವನ್ನೂ ನೋಡಿ. ಈಗಿನ ಪಾಟ್‌ಗಳಲ್ಲಿ ಸಾಮಾನ್ಯವಾಗಿ ಎ ಅಂದರೆ ಲಾಗ್ (ಕಿವಿಗೆ ಸಮನಾಗಿ ಏರುವಂಥದ್ದು), ಬಿ ಅಂದರೆ ಲೀನಿಯರ್ (ಓಮ್ ಒಂದೇ ಸಮ ಏರುವಂಥದ್ದು). ವಾಲ್ಯೂಮ್‌ಗೆ ಲೀನಿಯರ್ ಹಾಕಿದರೆ ಕಾಲು ಸುತ್ತಿನಲ್ಲೇ ಪೂರ್ತಿ ಗದ್ದಲ, ಉಳಿದ ಮುಕ್ಕಾಲು ದಂಡ.

ಬ್ಯಾಂಡ್ ಸ್ವಿಚ್

675 ಕಿಲೋಹರ್ಟ್ಝ್‌ನ ಭದ್ರಾವತಿ ಆಕಾಶವಾಣಿಗೆ ಹಚ್ಚಿಟ್ಟ ರೇಡಿಯೊದ ಬ್ಯಾಂಡ್ ಸ್ವಿಚ್ ವರ್ಷಗಟ್ಟಲೆ ಮೀಡಿಯಂ ವೇವ್ ಬಿಟ್ಟು ಅಲುಗಿರಲ್ಲ. ಅಷ್ಟು ದಿನ ಗಾಳಿಗೆ ತೆರೆದೇ ಇದ್ದ ಶಾರ್ಟ್ ವೇವ್ ಕಾಂಟ್ಯಾಕ್ಟ್‌ಗಳು ಕಪ್ಪಾಗಿರುತ್ತವೆ. ಎಷ್ಟೋ ಸೆಟ್‌ಗಳಿಗೆ ದ್ರವವೇ ಬೇಡ, ಸ್ವಿಚ್ಚನ್ನು 30 ಸಲ ಆಡಿಸಿದರೆ ಕಾಂಟ್ಯಾಕ್ಟ್ ತನ್ನನ್ನು ತಾನೇ ಉಜ್ಜಿಕೊಳ್ಳುತ್ತೆ. ಬೇಕಾದರೆ ಬ್ರಷ್ ತುದಿಯಲ್ಲಿ ಕ್ಲೀನರ್ ತೆಗೆದುಕೊಂಡು ಕಾಂಟ್ಯಾಕ್ಟ್‌ಗೆ ಮಾತ್ರ ಮುಟ್ಟಿಸಿ. ಕಾಂಟ್ಯಾಕ್ಟ್‌ಗಳನ್ನು ಹಿಡಿದಿರುವ ಕಂದು ಬಣ್ಣದ ಬಿಲ್ಲೆ (ವೇಫರ್) ದ್ರವ ಹೀರಿಕೊಂಡು ಕರೆಂಟ್ ಸೋರಲು ಬಿಡುತ್ತೆ, ಡಬ್ಬಿ ಹಿಡಿದು ತೋಯಿಸಬೇಡಿ. ಪಾಲಿಶ್ ಪೇಪರ್ ಅಂತೂ ಬೇಡವೇ ಬೇಡ, ತೆಳು ಬೆಳ್ಳಿ ಲೇಪನ ಕಿತ್ತು ಹಿತ್ತಾಳೆ ಬಯಲಾದರೆ ಸ್ವಲ್ಪ ದಿನದಲ್ಲೇ ಕಿಲುಬು ಹಿಡಿಯುತ್ತೆ. ಕಪ್ಪು ಜಾಸ್ತಿ ಇದ್ದರೆ ಆಲ್ಕೊಹಾಲ್‌ನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ಕಾಂಟ್ಯಾಕ್ಟ್ ನಡುವೆ ಸಿಕ್ಕಿಸಿ ಎಳೆಯಿರಿ. ಸ್ಟೇಷನ್ ಹಿಡಿಯಲು ತಿರುಗುವ ತಗಡುಗಳ ಗ್ಯಾಂಗ್ ಕಂಡೆನ್ಸರ್ ಮೇಲೆ ಹನಿಯೂ ಬೀಳಬಾರದು.

ಮಿಕ್ಸಿ ಸ್ವಿಚ್, ಫ್ಯಾನ್ ರೆಗ್ಯುಲೇಟರ್

750 ವ್ಯಾಟ್ ಮಿಕ್ಸಿ 230 ವೋಲ್ಟ್‌ನಲ್ಲಿ ಸುಮಾರು 3.3 ಆಂಪಿಯರ್ ಎಳೆಯುತ್ತೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಪ್ರತಿ ಸಲ ಕಿಡಿ ಹಾರುವ ಇಂಥ ಕಾಂಟ್ಯಾಕ್ಟ್ ಮೇಲೆ ಗ್ರೀಸ್ ಹಚ್ಚಬಾರದು. ಸಿಲಿಕೋನ್ ಗ್ರೀಸ್ ಇನ್ನೂ ಕೆಟ್ಟದ್ದು, ಕಿಡಿಯ ಬಿಸಿಗೆ ಸಿಲಿಕಾ ಆಗಿ ಕಾಂಟ್ಯಾಕ್ಟ್ ಮೇಲೆ ಕರೆಂಟ್ ಹರಿಯದ ಪದರ ಕಟ್ಟುತ್ತೆ. ನಾಬ್ ಹಿಡಿದುಕೊಳ್ಳಲು ಕಾರಣ ಸಾಮಾನ್ಯವಾಗಿ ಕಾಂಟ್ಯಾಕ್ಟ್ ಆಗಿರಲ್ಲ. ಶೇಂಗಾ ಚಟ್ನಿಪುಡಿಯ ಎಣ್ಣೆಜಿಡ್ಡು ನಾಬ್ ಹಿಂದಿನ ತೂತಿಂದ ಇಳಿದು, ಕಟ್‌ಕಟ್ ಅನ್ನಿಸುವ ಗೋಲಿ-ಸ್ಪ್ರಿಂಗ್ ಜಾಗದಲ್ಲಿ ಗಟ್ಟಿಯಾಗಿರುತ್ತೆ. ವೈರ್‌ಗಳ ಫೋಟೊ ತೆಗೆದುಕೊಂಡು ಸ್ವಿಚ್ ಬಿಚ್ಚಿ, ಆಲ್ಕೊಹಾಲ್‌ನಲ್ಲಿ ಜಿಡ್ಡು ತೆಗೆದು, ಗೋಲಿಗೆ ಸಾಸಿವೆ ಕಾಳಿನಷ್ಟು ಲಿಥಿಯಂ ಗ್ರೀಸ್ ಇಡಿ, ಸಾಕು. ಪ್ಲಾಸ್ಟಿಕ್ ಕರಗಿದ್ದರೆ, ಕಾಂಟ್ಯಾಕ್ಟ್ ಗುಳಿ ಬಿದ್ದಿದ್ದರೆ ಶುಚಿ ಮಾಡುತ್ತ ಕೂರಬೇಡಿ, ಅದೇ ಪೊಸಿಷನ್‌ಗಳಿರುವ, ಅಷ್ಟೇ ಅಥವಾ ಹೆಚ್ಚು ಆಂಪಿಯರ್‌ನ ಹೊಸ ಸ್ವಿಚ್ ಹಾಕಿ. ಆಲ್ಕೊಹಾಲ್ ಆವಿ ಬೆಂಕಿ ಹಿಡಿಯುತ್ತೆ. ಗ್ಯಾಸ್ ಒಲೆಯ ಹತ್ತಿರ ಈ ಕೆಲಸ ಬೇಡ, ವಾಸನೆ ಪೂರ್ತಿ ಹೋಗುವವರೆಗೂ ಪ್ಲಗ್ ಹಾಕಬೇಡಿ.

ದೊಡ್ಡ ಡಬ್ಬಿಯ ಹಳೇ ರೆಗ್ಯುಲೇಟರ್‌ನಲ್ಲಿ ರೆಸಿಸ್ಟೆನ್ಸ್ ವೈರ್ ಸುರುಳಿ, ಹಿತ್ತಾಳೆ ಗುಂಡಿಗಳ ಮೇಲೆ ಓಡಾಡುವ ಒಂದು ತೋಳು ಇರುತ್ತೆ. ಗುಂಡಿ ಗಟ್ಟಿ ಹಿತ್ತಾಳೆಯದ್ದಾಗಿರುವುದರಿಂದ ಇಲ್ಲಿ ಮಾತ್ರ 600 ನಂಬರಿನ ಪಾಲಿಶ್ ಪೇಪರ್ ಹಗುರವಾಗಿ ಆಡಿಸಬಹುದು. ಪುಡಿಯನ್ನು ಆಲ್ಕೊಹಾಲ್ ಬಟ್ಟೆಯಿಂದ ಒರೆಸಿ, ಸಡಿಲವಾದ ಸ್ಕ್ರೂ ಬಿಗಿ ಮಾಡಿ, ತೋಳಿನ ತಿರುಗುಣಿಗೆ ಮಿಷನ್ ಎಣ್ಣೆ ಒಂದು ಹನಿ ಬಿಡಿ. ವ್ಯಾಸಲೀನ್ ಹಚ್ಚಿದರೆ ಸುರುಳಿಯ ಬಿಸಿಗೆ ಕರಗಿ ಹರಿದುಬಿಡುತ್ತೆ. ಒಂದು ನಂಬರ್ ಮಾತ್ರ ಸತ್ತಿದ್ದರೆ ಆ ಗುಂಡಿಯಿಂದ ಸುರುಳಿಗೆ ಹೋಗುವ ತಂತಿ ತುಂಡಾಗಿದೆಯೇ ನೋಡಿ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್‌ಗೆ ಯಾವ ದ್ರವವೂ ಬೇಡ, ಒಣ ಕಾಗದದ ಪಟ್ಟಿ ಎಳೆದರೆ ಸಾಕು. ಗೀಸರ್ ಥರ್ಮೋಸ್ಟಾಟ್ ಮಾತ್ರ ಬಿಚ್ಚಲೇಬೇಡಿ, ನೇರ ಹೊಸದು ಹಾಕಿಸಿ. ಅದರ ಕಾಂಟ್ಯಾಕ್ಟ್ ಅಂಟಿಕೊಂಡರೆ ನೀರು ಕುದಿಯುತ್ತಲೇ ಹೋಗಿ ಟ್ಯಾಂಕ್‌ನಲ್ಲಿ ಪ್ರೆಶರ್ ಏರುತ್ತೆ.